ಎರಡರ ನೂರಿಪ್ಪತ್ತೇಳನೇ ಘಾತಕ್ಕೆ ಒಂದು ಕಮ್ಮಿ

ಮೊದಲು ಆ ಸಂಖ್ಯೆಯನ್ನೇ ನೋಡಿಬಿಡೋಣ:

170 141 183 460 469 231 731 687 303 715 884 105 727

ಒಟ್ಟು 39 ಅಂಕಿಗಳು. 2ನ್ನು 2ರಿಂದ ಗುಣಿಸುತ್ತ, ಅಂಥ 127 ಎರಡುಗಳ ಗುಣಲಬ್ಧ ತೆಗೆದು, ಕೊನೆಗೆ ಅದರಲ್ಲಿ 1 ಕಳೆದರೆ ಬರುವ ಸಂಖ್ಯೆ ಇದು. 1 ಮತ್ತು ತಾನು, ಇವೆರಡನ್ನು ಬಿಟ್ಟರೆ ಇನ್ನಾವ ಸಂಖ್ಯೆಯಿಂದಲೂ ಇದು ಶೇಷವಿಲ್ಲದೆ ಭಾಗವಾಗುವುದಿಲ್ಲ. ಅಂದರೆ ಇದು ಅವಿಭಾಜ್ಯ ಸಂಖ್ಯೆ. ಹೀಗೆಂದು 1876ರಲ್ಲಿ ಸಾರಿದವನು ಎದ್ವಾರ್ ಲ್ಯೂಕಾ ಎಂಬ ಫ್ರೆಂಚ್ ಮೇಷ್ಟ್ರು. ಅವನ ಹತ್ತಿರ ಗಣಕಯಂತ್ರ ಇರಲಿಲ್ಲ, ಇದ್ದದ್ದು ಕಾಗದ, ಲೇಖನಿ ಮತ್ತು ಒಂದು ಉಪಾಯ. ಆಮೇಲೆ 75 ವರ್ಷ ಇದಕ್ಕಿಂತ ದೊಡ್ಡ ಅವಿಭಾಜ್ಯ ಯಾರಿಗೂ ಸಿಗಲಿಲ್ಲ. ಬರೀ ಕೈಲೆಕ್ಕದಿಂದ ಸಿಕ್ಕ ಅವಿಭಾಜ್ಯಗಳಲ್ಲಿ ಇಂದಿಗೂ ಇದೇ ಎಲ್ಲಕ್ಕಿಂತ ದೊಡ್ಡದು.

ಇದನ್ನು ಬಾಯಲ್ಲಿ ಹೇಳುವುದು ಹೇಗೆ? ಲಕ್ಷ, ಕೋಟಿ ಅಂತ ಹೊರಟರೆ ನಾವು ಎಂಟು ಹತ್ತು ಅಂಕಿಗೇ ನಿಲ್ಲುತ್ತೇವೆ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಏಕ, ದಶ, ಶತದಿಂದ ಶುರುಮಾಡಿ ಪದ್ಮ, ಶಂಖ, ಕ್ಷಿತಿಗಳನ್ನು ದಾಟಿ ಮಹಾಕ್ಷೋಭದ ತನಕ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ನಮ್ಮ ಸಂಖ್ಯೆಗೆ ಆ ಪಟ್ಟಿಯೂ ಸಾಲದು, ಇನ್ನೂ 15 ಸ್ಥಾನ ಹೊರಗೆ ಉಳಿಯುತ್ತವೆ. ಆದ್ದರಿಂದ ಅದಕ್ಕೊಂದು ಗಿಡ್ಡ ಹೆಸರು ಇಟ್ಟುಕೊಳ್ಳೋಣ: ಮ-127. ‘ಮ’ ಯಾಕೆ ಅನ್ನುವುದು ಮುಂದೆ ಬರುತ್ತೆ. ಇದೇ ರೀತಿ 2ರ 5ನೇ ಘಾತ 32, ಅದರಲ್ಲಿ 1 ಕಳೆದರೆ 31, ಅದು ಮ-5. 2ರ 7ನೇ ಘಾತ 128, 1 ಕಳೆದರೆ 127, ಅದು ಮ-7.

1. ಬರೀ ಒಂದುಗಳ ಸಾಲು

ನಾವು ದಿನವೂ ಬಳಸುವುದು ಹತ್ತರ ಪದ್ಧತಿ. ಗಣಕಯಂತ್ರ ಬಳಸುವುದು ಎರಡರ ಪದ್ಧತಿ. ಅದರಲ್ಲಿ ಇರುವುದು 0 ಮತ್ತು 1 ಎಂಬ ಎರಡೇ ಅಂಕಿ. ಹತ್ತರ ಪದ್ಧತಿಯಲ್ಲಿ 1000ದಿಂದ 1 ಕಳೆದರೆ 999 ಬರುವ ಹಾಗೆ, ಎರಡರ ಪದ್ಧತಿಯಲ್ಲಿ 1000ದಿಂದ 1 ಕಳೆದರೆ 111 ಬರುತ್ತದೆ. ಅಂದರೆ 8ರಲ್ಲಿ 1 ಹೋದರೆ 7. ಹಾಗಾಗಿ ಮ-7ನ್ನು ಏಳು ಒಂದುಗಳಿಂದ ಬರೆಯಬಹುದು, ಮ-127ನ್ನು ನೂರಿಪ್ಪತ್ತೇಳು ಒಂದುಗಳಿಂದ. ಒಂದು ಸೊನ್ನೆಯೂ ನಡುವೆ ಬರುವುದಿಲ್ಲ.

ಈ ರೂಪದಲ್ಲಿ ನೋಡಿದರೆ ಒಂದು ವಿಷಯ ಕಣ್ಣಿಗೇ ಕಾಣುತ್ತದೆ. ಆರು ಒಂದುಗಳ ಸಾಲನ್ನು ತಗೊಳ್ಳಿ: 111111. ಮೂರು ಮೂರರಂತೆ ಕತ್ತರಿಸಿದರೆ 111, 111. ಅಂದರೆ ಇದು 111ನ್ನು 1001ರಿಂದ ಗುಣಿಸಿದ್ದು. ಹತ್ತರ ಪದ್ಧತಿಯಲ್ಲೂ ಇದು ನಿಜ, ಎರಡರ ಪದ್ಧತಿಯಲ್ಲೂ ನಿಜ. ಎರಡರ ಪದ್ಧತಿಯಲ್ಲಿ ಇದರ ಅರ್ಥ 63 ಅಂದರೆ 7 ಗುಣಿಸು 9. ಸಾಲಿನಲ್ಲಿರುವ ಒಂದುಗಳನ್ನು ಸಮ ಗುಂಪುಗಳಾಗಿ ಹಂಚಲು ಬಂದರೆ ಸಂಖ್ಯೆ ಒಡೆಯುತ್ತದೆ. ಹಂಚಲು ಬಾರದೆ ಇರಬೇಕಾದರೆ ಒಂದುಗಳ ಎಣಿಕೆಯೇ ಅವಿಭಾಜ್ಯವಾಗಿರಬೇಕು. 127 ಅವಿಭಾಜ್ಯ, ಆದ್ದರಿಂದ ಮ-127 ಈ ಬಾಗಿಲಿನಲ್ಲಿ ತಡೆಯಿಲ್ಲದೆ ದಾಟುತ್ತದೆ.

ಇಷ್ಟೇ ಸಾಕು ಅಂದುಕೊಂಡರೆ ಕೆಟ್ಟೆವು. 11 ಅವಿಭಾಜ್ಯವೆ, ಆದರೆ ಮ-11 ಅಂದರೆ 2,047, ಅದು 23 ಗುಣಿಸು 89. ಘಾತ ಅವಿಭಾಜ್ಯವಾಗಿರುವುದು ಅಗತ್ಯ, ಆದರೆ ಅಷ್ಟರಿಂದಲೇ ಕೆಲಸ ಮುಗಿಯುವುದಿಲ್ಲ.

ಈ ಸಾಲುಗಳ ಬಗ್ಗೆ ಹಳೆಯ ಗ್ರೀಕರಿಗೂ ಆಸಕ್ತಿ ಇತ್ತು, ಅದಕ್ಕೆ ಬೇರೆ ಕಾರಣ. 6ನ್ನು ಭಾಗಿಸುವ ಚಿಕ್ಕ ಸಂಖ್ಯೆಗಳು 1, 2, 3. ಕೂಡಿಸಿದರೆ ಮತ್ತೆ 6. 28ಕ್ಕೆ 1, 2, 4, 7, 14, ಕೂಡಿಸಿದರೆ 28. ಇಂಥವನ್ನು ಪರಿಪೂರ್ಣ ಸಂಖ್ಯೆ ಅಂತ ಕರೆದರು. ಮುಂದಿನವು 496 ಮತ್ತು 8,128. ಬಿಡಿಸಿ ನೋಡಿ: 2 ಗುಣಿಸು 3, 4 ಗುಣಿಸು 7, 16 ಗುಣಿಸು 31, 64 ಗುಣಿಸು 127. ಪ್ರತಿಯೊಂದರಲ್ಲೂ ಒಂದುಗಳ ಸಾಲಿನ ಒಂದು ಅವಿಭಾಜ್ಯ ಕೂತಿದೆ. ಅಂಥ ಅವಿಭಾಜ್ಯ ಸಿಕ್ಕಿದಾಗಲೆಲ್ಲ ಒಂದು ಪರಿಪೂರ್ಣ ಸಂಖ್ಯೆ ಸಿಗುತ್ತದೆ ಎಂದು ಯೂಕ್ಲಿಡ್ ಸಾಧಿಸಿದ. ಸಮ ಪರಿಪೂರ್ಣ ಸಂಖ್ಯೆಗಳೆಲ್ಲ ಈ ದಾರಿಯಿಂದಲೇ ಬರಬೇಕು, ಬೇರೆ ದಾರಿಯಿಲ್ಲ ಎಂದು ಎರಡು ಸಾವಿರ ವರ್ಷಗಳ ನಂತರ ಆಯ್ಲರ್ ಸಾಧಿಸಿದ. ನಮ್ಮ ಮ-127ನ್ನು 2ರ 126ನೇ ಘಾತದಿಂದ ಗುಣಿಸಿದರೆ 77 ಅಂಕಿಗಳ ಒಂದು ಪರಿಪೂರ್ಣ ಸಂಖ್ಯೆ. ಬೆಸ ಸಂಖ್ಯೆಗಳಲ್ಲಿ ಪರಿಪೂರ್ಣವಾದದ್ದು ಒಂದಾದರೂ ಇದೆಯೆ ಅನ್ನುವುದು ಇನ್ನೂ ಬಿಡಿಸದ ಒಗಟು.

2. ಸನ್ಯಾಸಿಯ ಪಟ್ಟಿ

ಈಗ ‘ಮ’ ಅಕ್ಷರದ ಕತೆ. ಪ್ಯಾರಿಸ್ಸಿನಲ್ಲಿ ಮರಾಂ ಮರ್ಸೆನ್ ಎಂಬ ಕ್ರೈಸ್ತ ಸನ್ಯಾಸಿ ಇದ್ದ. ಆಗಿನ ಕಾಲಕ್ಕೆ ವಿಜ್ಞಾನದ ಪತ್ರಿಕೆಗಳಿರಲಿಲ್ಲ. ದೆಕಾರ್ತ್, ಫರ್ಮಾ ಮುಂತಾದವರು ಇವನಿಗೆ ಕಾಗದ ಬರೆಯುವರು, ಇವನು ಅದನ್ನು ಊರೂರಿಗೆ ದಾಟಿಸುವನು. 1644ರಲ್ಲಿ ಅಚ್ಚಾದ ತನ್ನ ಪುಸ್ತಕದ ಮುನ್ನುಡಿಯಲ್ಲಿ ಅವನು ಒಂದು ಪಟ್ಟಿ ಕೊಟ್ಟ. ಘಾತ 257ರ ತನಕ ಹೋದರೆ 2, 3, 5, 7, 13, 17, 19, 31, 67, 127, 257, ಇಷ್ಟಕ್ಕೆ ಮಾತ್ರ ಅವಿಭಾಜ್ಯ ಬರುತ್ತದೆ ಅಂದ.

ಹೇಗೆ ಗೊತ್ತಾಯಿತು ಅಂತ ಅವನು ಹೇಳಲಿಲ್ಲ. ಮ-67ರಲ್ಲಿ 21 ಅಂಕಿ, ಮ-257ರಲ್ಲಿ 78 ಅಂಕಿ. ಅಷ್ಟನ್ನೂ ಅವನು ಪರೀಕ್ಷಿಸಿರಲು ಸಾಧ್ಯವಿಲ್ಲ ಎಂಬುದು ಓದಿದವರಿಗೆಲ್ಲ ಗೊತ್ತಿತ್ತು. ಆದರೂ ಸುಳ್ಳು ಅಂತ ತೋರಿಸಲೂ ಯಾರಿಗೂ ಆಗದು. ಹೀಗಾಗಿ ಪಟ್ಟಿ ಎರಡು ಶತಮಾನಕ್ಕೂ ಹೆಚ್ಚು ಕಾಲ ಹಾಗೇ ನಡೆಯಿತು. ಕೊನೆಗೆ ಲೆಕ್ಕ ಹಾಕಿ ನೋಡಿದಾಗ ಐದು ತಪ್ಪು ಸಿಕ್ಕವು. 67 ಮತ್ತು 257 ಪಟ್ಟಿಯಲ್ಲಿ ಇರಬಾರದಿತ್ತು. 61, 89, 107 ಇರಬೇಕಿತ್ತು, ಇರಲಿಲ್ಲ. 61ನ್ನು 1883ರಲ್ಲಿ ಪೆರ್ವುಶಿನ್ ಎಂಬ ರಷ್ಯದ ಪಾದ್ರಿ ಸೇರಿಸಿದ. 89 ಮತ್ತು 107ನ್ನು 1911, 1914ರಲ್ಲಿ ಅಮೆರಿಕದ ಪವರ್ಸ್ ಸೇರಿಸಿದ. ಪಟ್ಟಿ ಪೂರ್ತಿ ಶುದ್ಧವಾಗುವ ಹೊತ್ತಿಗೆ 1947. ಮೂರು ಸಾಲಿನ ಒಂದು ಮಾತನ್ನು ತಿದ್ದಲು ಮುನ್ನೂರು ವರ್ಷ ಹಿಡಿಯಿತು! ಇಷ್ಟಾದರೂ ಈ ಜಾತಿಯ ಸಂಖ್ಯೆಗಳಿಗೆ ಮರ್ಸೆನ್ ಸಂಖ್ಯೆಗಳು ಅಂತಲೇ ಹೆಸರು ಉಳಿದಿದೆ. ತಪ್ಪು ಉತ್ತರ ಕೊಟ್ಟರೂ ಒಳ್ಳೆಯ ಪ್ರಶ್ನೆ ಕೊಟ್ಟವನಿಗೆ ಸಂದ ಗೌರವ ಅದು.

3. ಭಾಗಿಸಿ ನೋಡಿದರೆ ಆಗದೆ?

ಒಂದು ಸಂಖ್ಯೆ ಅವಿಭಾಜ್ಯವೆ ಎಂದು ನೋಡಲು ನಮಗೆ ಶಾಲೆಯಲ್ಲಿ ಹೇಳಿಕೊಟ್ಟ ದಾರಿ ಒಂದೇ: 2, 3, 5, 7 ಅಂತ ಭಾಗಿಸುತ್ತ ಹೋಗು, ವರ್ಗಮೂಲದ ತನಕ ಹೋದರೆ ಸಾಕು. 1772ರಲ್ಲಿ ಆಯ್ಲರ್ ಮ-31 ಅವಿಭಾಜ್ಯ ಎಂದು ತಿಳಿಸಿದ್ದು ಈ ದಾರಿಯನ್ನೇ ಜಾಣತನದಿಂದ ಮೊಟಕು ಮಾಡಿ. ಮ-31 ಅಂದರೆ 2,147,483,647. ಪ್ರೋಗ್ರಾಂ ಬರೆಯುವ ಗೆಳೆಯರಿಗೆ ಇದರ ಗುರುತು ಇರಬೇಕು: 32 ಬಿಟ್ಟುಗಳಲ್ಲಿ ಧನ, ಋಣ ಎರಡನ್ನೂ ಇಡುವಾಗ ಹಿಡಿಯುವ ಅತಿ ದೊಡ್ಡ ಪೂರ್ಣಾಂಕ ಇದೇ.

ಮೊಟಕು ಮಾಡುವ ಉಪಾಯ ಹೀಗಿದೆ. ಮರ್ಸೆನ್ ಸಂಖ್ಯೆಯನ್ನು ಯಾವ ಅವಿಭಾಜ್ಯ ಬೇಕಾದರೂ ಭಾಗಿಸಲಾರದು. ಘಾತ 11 ಆದರೆ ಭಾಗಿಸುವ ಅವಿಭಾಜ್ಯದಲ್ಲಿ 1 ಕಳೆದಾಗ ಉಳಿದದ್ದು 22ರಿಂದ ಭಾಗವಾಗಬೇಕು. 23 ಮತ್ತು 89ರಲ್ಲಿ 1 ಕಳೆದು ನೋಡಿ: 22, 88. ಸರಿಯಾಯಿತಲ್ಲ? ಇದರ ಜೊತೆಗೆ ಇನ್ನೊಂದು ಷರತ್ತು: ಅದನ್ನು 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಬರಬೇಕು. ಈ ಎರಡು ಜರಡಿಯಲ್ಲಿ ಹಿಡಿದರೆ ಮ-31ಕ್ಕೆ ವರ್ಗಮೂಲವಾದ 46,340ರ ಒಳಗೆ ಉಳಿಯುವ ಸಂಖ್ಯೆಗಳು ನಾಲ್ಕುನೂರಕ್ಕಿಂತ ಕಮ್ಮಿ. ತಾಳ್ಮೆ ಇದ್ದವನು ಕೂತು ಮುಗಿಸಬಹುದು.

ಇದೇ ಜರಡಿಯನ್ನು ಮ-127ಕ್ಕೆ ಹಿಡಿಯೋಣ. ಅದರ ವರ್ಗಮೂಲದಲ್ಲಿ 20 ಅಂಕಿಗಳಿವೆ. ಜರಡಿ ಹಿಡಿದ ಮೇಲೂ ಪರೀಕ್ಷಿಸಬೇಕಾದ ಸಂಖ್ಯೆಗಳು ಸುಮಾರು 250 ಕೋಟಿ ಕೋಟಿ. ನಿಮಿಷಕ್ಕೊಂದು ಭಾಗಾಕಾರ ಮಾಡುವ ಗಟ್ಟಿಗ ಊಟ ನಿದ್ದೆ ಬಿಟ್ಟು ಕೂತರೂ 4,800 ಕೋಟಿ ವರ್ಷಕ್ಕಿಂತ ಹೆಚ್ಚು ಬೇಕು. ಈ ವಿಶ್ವದ ವಯಸ್ಸೇ ಸುಮಾರು 1,380 ಕೋಟಿ ವರ್ಷ. ಹಾಗಾದರೆ ಲ್ಯೂಕಾ ಏನು ಮಾಡಿದ?

4. ಭಾಗಿಸದೆ ತಿಳಿಯುವ ವಿದ್ಯೆ

ಅವನ ವಿಧಾನದ ಇಂದಿನ ಸರಳ ರೂಪವನ್ನು, ಪೂರ್ತಿ ಸಾಧನೆಯ ಸಮೇತ, 1930ರಲ್ಲಿ ಕೊಟ್ಟವನು ಅಮೆರಿಕದ ಡಿ. ಎಚ್. ಲೆಹ್ಮರ್. ಅದಕ್ಕೇ ಇದನ್ನು ಲ್ಯೂಕಾ-ಲೆಹ್ಮರ್ ಪರೀಕ್ಷೆ ಅನ್ನುತ್ತಾರೆ. ಹೈಸ್ಕೂಲ್ ಹುಡುಗನಿಗೂ ಮಾಡಲು ಬರುತ್ತದೆ.

4ರಿಂದ ಶುರುಮಾಡಿ. ಅದರ ವರ್ಗ ಮಾಡಿ, 2 ಕಳೆಯಿರಿ. ಬಂದದ್ದನ್ನು ಪರೀಕ್ಷೆಗಿಟ್ಟ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳಿ. ಆ ಶೇಷದ ವರ್ಗ ಮಾಡಿ, 2 ಕಳೆದು, ಮತ್ತೆ ಶೇಷ ತೆಗೆಯಿರಿ. ಹೀಗೆ ಘಾತಕ್ಕಿಂತ ಎರಡು ಸಲ ಕಮ್ಮಿ ಮಾಡಬೇಕು. ಕೊನೆಯಲ್ಲಿ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ, ಬಾರದಿದ್ದರೆ ಅಲ್ಲ. (ಘಾತ 2ಕ್ಕಿಂತ ದೊಡ್ಡ ಅವಿಭಾಜ್ಯ ಆಗಿರಬೇಕು, ಅಷ್ಟೆ.)

ಮ-7, ಅಂದರೆ 127ನ್ನು ತಗೊಳ್ಳೋಣ. ಐದು ಸಲ ಮಾಡಬೇಕು. 4ರ ವರ್ಗ 16, ಎರಡು ಕಳೆದರೆ 14. 14ರ ವರ್ಗ 196, ಎರಡು ಕಳೆದರೆ 194, ಶೇಷ 67. 67ರಿಂದ 4,487, ಶೇಷ 42. 42ರಿಂದ 1,762, ಶೇಷ 111. 111ರಿಂದ 12,319, ಇದು 127ರ ಸರಿಯಾಗಿ 97ರಷ್ಟು, ಶೇಷ 0. ಮುಗಿಯಿತು, 127 ಅವಿಭಾಜ್ಯ.

ಇನ್ನು ಮ-11, ಅಂದರೆ 2,047. ಒಂಬತ್ತು ಸಲ. ಶೇಷಗಳು ಹೀಗೆ ಬರುತ್ತವೆ: 14, 194, 788, 701, 119, 1877, 240, 282, 1736. ಕೊನೆಯದು ಸೊನ್ನೆ ಅಲ್ಲ. ಆದ್ದರಿಂದ 2,047 ಅವಿಭಾಜ್ಯವಲ್ಲ. ಇಲ್ಲಿ ಒಂದು ಕ್ಷಣ ನಿಲ್ಲಿ. ಅವಿಭಾಜ್ಯವಲ್ಲ ಅಂತ ತಿಳಿಯಿತು, ಆದರೆ 23 ಆಗಲಿ 89 ಆಗಲಿ ಎಲ್ಲೂ ಮುಖ ತೋರಿಸಲಿಲ್ಲ! ಬೀಗ ಒಡೆಯಬಲ್ಲದ್ದು ಅಂತ ಗೊತ್ತಾಯಿತು, ಕೀಲಿಕೈ ಮಾತ್ರ ಸಿಗಲಿಲ್ಲ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮ-127ಕ್ಕೆ ಈ ರೀತಿ 125 ಸಲ ಮಾಡಬೇಕು. 4,800 ಕೋಟಿ ವರ್ಷ ಎಲ್ಲಿ, 125 ಗುಣಾಕಾರ ಎಲ್ಲಿ! ಗುಣಾಕಾರ 39 ಅಂಕಿಯದ್ದು ಅನ್ನುವುದು ನಿಜ. ಆದರೆ ಶೇಷ ತೆಗೆಯಲು ಭಾಗಾಕಾರವೇ ಬೇಡ. ಅದು ಹೇಗೆ ಅಂತ 99ರಲ್ಲಿ ನೋಡಿ. 4,567ನ್ನು 99ರಿಂದ ಭಾಗಿಸಿದರೆ ಶೇಷ ಎಷ್ಟು? ಎರಡೆರಡು ಅಂಕಿ ಕತ್ತರಿಸಿ ಕೂಡಿಸಿ: 45, 67 ಸೇರಿ 112. ಇನ್ನೊಮ್ಮೆ: 1, 12 ಸೇರಿ 13. ಉತ್ತರ 13. ಹತ್ತರ ಪದ್ಧತಿಯಲ್ಲಿ 99 ಹೇಗೋ ಎರಡರ ಪದ್ಧತಿಯಲ್ಲಿ ಮ-127 ಹಾಗೆ. ಉದ್ದದ ಸಂಖ್ಯೆಯನ್ನು 127 ಅಂಕಿಗಳಲ್ಲಿ ಕತ್ತರಿಸಿ, ಮೇಲಿನ ತುಂಡನ್ನು ಕೆಳಗಿನದಕ್ಕೆ ಕೂಡಿಸಿದರೆ ಆಯಿತು. ಲ್ಯೂಕಾ ಇದಕ್ಕೆ ಚದುರಂಗದ ಮಣೆಯ ಹಾಗೆ 127 ಸಾಲು, ಸಾಲಿಗೆ 127 ಮನೆ ಇರುವ ಮಣೆಯನ್ನು ಬಳಸಿದನೆಂದು ಹೇಳುತ್ತಾರೆ. ಕಾಯಿ ಇದ್ದ ಮನೆ ಒಂದು, ಖಾಲಿ ಮನೆ ಸೊನ್ನೆ. ಬಲಗಡೆ ಅಂಚು ದಾಟಿದ ಕಾಯಿ ಎಡಗಡೆಯಿಂದ ಮತ್ತೆ ಒಳಕ್ಕೆ ಬರುತ್ತದೆ.

ಆಟದಲ್ಲಿ ಅವನಿಗೆ ನಿಜಕ್ಕೂ ಹುಚ್ಚು. ಮೂರು ಕಂಬ, ದೊಡ್ಡದರ ಮೇಲೆ ಚಿಕ್ಕದು ಅಂತ ಪೇರಿಸಿದ ಬಿಲ್ಲೆಗಳು, ಒಂದೊಂದನ್ನೇ ಸಾಗಿಸಿ ಪೂರ್ತಿ ಗೋಪುರವನ್ನು ಇನ್ನೊಂದು ಕಂಬಕ್ಕೆ ಒಯ್ಯಬೇಕು, ದೊಡ್ಡ ಬಿಲ್ಲೆ ಚಿಕ್ಕದರ ಮೇಲೆ ಕೂರಬಾರದು. ‘ಹನೋಯ್ ಗೋಪುರ’ ಎಂಬ ಈ ಆಟವನ್ನು 1883ರಲ್ಲಿ ಹೊರತಂದವನು ಇದೇ ಲ್ಯೂಕಾ. ಮೂರು ಬಿಲ್ಲೆಗೆ ಕಡಿಮೆಯೆಂದರೆ 7 ನಡೆ, ಐದಕ್ಕೆ 31, ಏಳಕ್ಕೆ 127. ಯಾವ ಸಂಖ್ಯೆಗಳಿವು ಅಂತ ಗುರುತು ಸಿಕ್ಕಿತೆ? 127 ಬಿಲ್ಲೆಗಳ ಗೋಪುರಕ್ಕೆ ಬೇಕಾಗುವ ನಡೆಗಳೇ ನಮ್ಮ ಮ-127.

5. ಕೋಲ್ ಮಾತಾಡದೆ ಮಾಡಿದ ಭಾಷಣ

1876ರಲ್ಲೇ ಲ್ಯೂಕಾ ಇನ್ನೊಂದು ಮಾತನ್ನೂ ಹೇಳಿದ್ದ: ಮರ್ಸೆನ್ನನ ಪಟ್ಟಿಯ 67 ತಪ್ಪು, ಮ-67 ಅವಿಭಾಜ್ಯವಲ್ಲ. ಆದರೆ ಅದನ್ನು ಯಾವ ಸಂಖ್ಯೆ ಭಾಗಿಸುತ್ತದೆ? ಅದನ್ನು ಹೇಳಲು ಅವನಿಂದ ಆಗಲಿಲ್ಲ. ಒಡೆಯುತ್ತದೆ ಎಂದು ಗೊತ್ತಿದ್ದೂ ಒಡೆಯಲು ಬಾರದ ಸ್ಥಿತಿಯಲ್ಲಿ 27 ವರ್ಷ ಕಳೆದವು.

1903ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ಅಮೆರಿಕದ ಗಣಿತ ಸಂಘದ ಸಭೆ ಸೇರಿತ್ತು. ಫ್ರಾಂಕ್ ನೆಲ್ಸನ್ ಕೋಲ್ ಎಂಬ ಪ್ರಾಧ್ಯಾಪಕನ ಸರದಿ ಬಂತು. ಅವನು ಮಾತಾಡದೆ ಕರಿಹಲಗೆಯ ಹತ್ತಿರ ಹೋಗಿ 2ರ 67ನೇ ಘಾತವನ್ನು ಲೆಕ್ಕ ಮಾಡಿ 1 ಕಳೆದ. ಇನ್ನೊಂದು ಬದಿಗೆ ಹೋಗಿ 193,707,721ನ್ನು 761,838,257,287ರಿಂದ ಕೈಯಾರೆ ಗುಣಿಸಿದ. ಎರಡೂ ಕಡೆ ಬಂದದ್ದು 147,573,952,589,676,412,927. ಸುಣ್ಣದಕಡ್ಡಿ ಇಟ್ಟು ಜಾಗಕ್ಕೆ ಹೋಗಿ ಕೂತ. ಸಭೆ ಎದ್ದು ಚಪ್ಪಾಳೆ ತಟ್ಟಿತು, ಪ್ರಶ್ನೆ ಕೇಳುವವರು ಯಾರೂ ಇರಲಿಲ್ಲ ಅಂತ ಕತೆ. ಎಷ್ಟು ದಿನ ಹಿಡಿಯಿತು ಅಂತ ಆಮೇಲೆ ಕೇಳಿದ್ದಕ್ಕೆ ಮೂರು ವರ್ಷದ ಭಾನುವಾರಗಳು ಅಂದನಂತೆ. (ಮೊದಲನೇ ಅಪವರ್ತನದಲ್ಲಿ 1 ಕಳೆದು 134ರಿಂದ ಭಾಗಿಸಿ ನೋಡಿ. ಆಯ್ಲರನ ಜರಡಿ ಸುಳ್ಳಾಡುವುದಿಲ್ಲ.)

ಗುಣಿಸಿ ತೋರಿಸಲು ಕೆಲವು ನಿಮಿಷ, ಬಿಡಿಸಿ ಕಂಡುಹಿಡಿಯಲು ಮೂರು ವರ್ಷ. ಇದು ಬರೀ ಮೋಜಿನ ಸಂಗತಿ ಅಲ್ಲ. 1874ರಲ್ಲಿ ಇಂಗ್ಲೆಂಡಿನ ಜೆವನ್ಸ್ ತನ್ನ ಪುಸ್ತಕದಲ್ಲಿ 8,616,460,799 ಎಂಬ ಸಂಖ್ಯೆ ಬರೆದು, ಯಾವ ಎರಡರ ಗುಣಲಬ್ಧ ಇದು ಅಂತ ನನ್ನ ಹೊರತು ಇನ್ನಾರಿಗೂ ತಿಳಿಯುವುದು ಅನುಮಾನ ಎಂಬರ್ಥದ ಮಾತು ಹೇಳಿದ. (ಅವು 89,681 ಮತ್ತು 96,079.) ಇದೇ ಅಸಮತೋಲವನ್ನು 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್ಮನ್ ಎಂಬ ಮೂವರು ಬೀಗವಾಗಿ ಮಾರ್ಪಡಿಸಿದರು. ನೂರಾರು ಅಂಕಿಗಳ ಎರಡು ಅವಿಭಾಜ್ಯಗಳನ್ನು ಗುಟ್ಟಾಗಿ ಆರಿಸಿ ಗುಣಿಸು, ಗುಣಲಬ್ಧವನ್ನು ಊರಿಗೆಲ್ಲ ಸಾರು. ಬೀಗ ಹಾಕಲು ಗುಣಲಬ್ಧ ಸಾಕು, ತೆಗೆಯಲು ಅಪವರ್ತನಗಳು ಬೇಕು. ಬ್ಯಾಂಕಿನ ವ್ಯವಹಾರ, ಗುಪ್ತ ಸಂದೇಶ ಇವುಗಳ ಕಾವಲಿಗೆ ಈ ಜಾತಿಯ ಬೀಗ ದಶಕಗಳಿಂದ ನಿಂತಿದೆ. ಅವಿಭಾಜ್ಯ ಹೌದೊ ಅಲ್ಲವೊ ಅಂತ ಬೇಗ ತಿಳಿಯಬೇಕು, ಇಲ್ಲದಿದ್ದರೆ ಬೀಗ ತಯಾರಾಗದು. ಅಪವರ್ತನ ಬೇಗ ಸಿಗಬಾರದು, ಸಿಕ್ಕರೆ ಬೀಗ ನಿಲ್ಲದು. ಮ-11ರಲ್ಲಿ ನಾವು ಕಂಡ ವಿಚಿತ್ರವೇ ಇಲ್ಲಿ ಬಂಡವಾಳ.

ಮ-127ನ್ನು ಅಂಥ ಬೀಗಕ್ಕೆ ಗುಟ್ಟಿನ ಸಂಖ್ಯೆಯಾಗಿ ಬಳಸುವಂತಿಲ್ಲ, ಅದು ಜಗತ್ತಿಗೆಲ್ಲ ಗೊತ್ತಿರುವ ಹೆಸರು. ಆದರೆ ಶೇಷ ತೆಗೆಯುವುದು ಸುಲಭ ಎಂಬ ಗುಣಕ್ಕಾಗಿ ಅದರ ತಮ್ಮಂದಿರಿಗೆ ಬೇರೆ ಕೆಲಸ ಸಿಕ್ಕಿದೆ. ಮ-521 ಇನ್ನೊಂದು ಬಗೆಯ ಸಂಕೇತವಿದ್ಯೆಯಲ್ಲಿ ಬಳಕೆಯಲ್ಲಿದೆ. ಗಣಕಯಂತ್ರದಲ್ಲಿ ದಾಳ ಹಾಕಿದಂತೆ ಸಂಖ್ಯೆ ಹುಟ್ಟಿಸುವ ಒಂದು ಜನಪ್ರಿಯ ವಿಧಾನ ಮ-19937ರಷ್ಟು ಸಂಖ್ಯೆಗಳನ್ನು ಕೊಟ್ಟ ಮೇಲಷ್ಟೇ ಮೊದಲಿನಿಂದ ಮರುಕಳಿಸುತ್ತದೆ.

1811ರಲ್ಲಿ ಪೀಟರ್ ಬಾರ್ಲೊ ಎಂಬ ಇಂಗ್ಲಿಷ್ ಗಣಿತಜ್ಞ ಮ-31ರಿಂದ ಬರುವ ಪರಿಪೂರ್ಣ ಸಂಖ್ಯೆಯ ಬಗ್ಗೆ ಬರೆಯುತ್ತ, ಇವು ಕುತೂಹಲಕ್ಕೆ ಮಾತ್ರ, ಉಪಯೋಗವಿಲ್ಲ, ಆದ್ದರಿಂದ ಇದಕ್ಕಿಂತ ದೊಡ್ಡದನ್ನು ಯಾರೂ ಹುಡುಕಲಾರರು ಎಂದಿದ್ದ. ಉಪಯೋಗವಿಲ್ಲ ಅಂದದ್ದೂ ನಿಲ್ಲಲಿಲ್ಲ, ಹುಡುಕಲಾರರು ಅಂದದ್ದೂ ನಿಲ್ಲಲಿಲ್ಲ. ‘ಇದರಿಂದ ಏನು ಪ್ರಯೋಜನ, ಕೆಲಸ ಸಿಗುತ್ತಾ?’ ಅಂತ ಮನೆಯಲ್ಲಿ ಕೇಳುವವರಿಗೆ ಬಾರ್ಲೊನ ಕತೆ ಹೇಳಬಹುದು.

6. ಯಂತ್ರ ಬಂದ ಮೇಲೆ

ಲ್ಯೂಕಾನ ದಾಖಲೆ ಮುರಿದದ್ದು 1951ರಲ್ಲಿ. ಫೆರಿಯೆ ಎಂಬವನು ಮೇಜಿನ ಮೇಲಿನ ಲೆಕ್ಕದ ಯಂತ್ರ ತಿರುಗಿಸಿ 44 ಅಂಕಿಯ ಅವಿಭಾಜ್ಯವೊಂದನ್ನು ಹಿಡಿದ. ಅದೇ ವರ್ಷ ಕೇಂಬ್ರಿಜ್ಜಿನ ಎಡ್‌ಸ್ಯಾಕ್ ಗಣಕಯಂತ್ರದಲ್ಲಿ ಮಿಲ್ಲರ್ ಮತ್ತು ವೀಲರ್ 79 ಅಂಕಿಯದ್ದನ್ನು ಕಂಡರು. ಅದೂ ಎಂಥದ್ದು? ಮ-127ರ ವರ್ಗವನ್ನು 180ರಿಂದ ಗುಣಿಸಿ 1 ಕೂಡಿಸಿದ್ದು! ಸೋತವನ ಹೆಗಲ ಮೇಲೆ ಹತ್ತಿಯೇ ಗೆದ್ದಂತಾಯಿತು. 1952ರ ಜನವರಿ 30ರಂದು ಲಾಸ್ ಏಂಜಲೀಸಿನ ಸ್ವ್ಯಾಕ್ ಯಂತ್ರದಲ್ಲಿ ರಾಬಿನ್ಸನ್ ಬರೆದ ಪ್ರೋಗ್ರಾಂ ಓಡಿಸಿದಾಗ ಮ-521 ಮತ್ತು ಮ-607 ಒಂದೇ ದಿನ ಸಿಕ್ಕವು. ಓಡಿದ್ದು ಲ್ಯೂಕಾ-ಲೆಹ್ಮರ್ ಪರೀಕ್ಷೆಯೆ.

1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಶುರುಮಾಡಿದ ‘ಗಿಂಪ್ಸ್’ ಎಂಬ ಕೂಟದಲ್ಲಿ ಯಾರು ಬೇಕಾದರೂ ತಮ್ಮ ಗಣಕಯಂತ್ರದ ಬಿಡುವಿನ ಹೊತ್ತನ್ನು ಈ ಹುಡುಕಾಟಕ್ಕೆ ಕೊಡಬಹುದು. 2024ರ ಅಕ್ಟೋಬರಿನಲ್ಲಿ ಅದರ ಸದಸ್ಯ ಲ್ಯೂಕ್ ಡುರಾಂಟ್ ಮ-136279841ನ್ನು ಕಂಡುಹಿಡಿದ. ಅದು ಆವರೆಗೆ ಗೊತ್ತಾದ 52ನೇ ಮರ್ಸೆನ್ ಅವಿಭಾಜ್ಯ. ಅಂಕಿಗಳು 41,024,320. ನಮ್ಮ ಪತ್ರಿಕೆಯ ಒಂದು ಪುಟಕ್ಕೆ ಒತ್ತಿ ಒತ್ತಿ 2,000 ಅಂಕಿ ಹಾಕಿದರೂ ಇಪ್ಪತ್ತು ಸಾವಿರ ಪುಟ ದಾಟುತ್ತದೆ. ಸ್ಟೆನ್ಸಿಲ್ ಕೊರೆಯುವ ಗೆಳೆಯರ ಮೇಲೆ ದಯೆಯಿಟ್ಟು ಬಿಟ್ಟಿದ್ದೇನೆ. ಕೊನೆಯ ಅಂಕಿ ಬೇಕಾದರೆ ನೀವೇ ಹೇಳಬಹುದು. 2ರ ಘಾತಗಳ ಕೊನೆಯ ಅಂಕಿ 2, 4, 8, 6 ಅಂತ ಸುತ್ತುತ್ತಿರುತ್ತದೆ. ಘಾತವನ್ನು 4ರಿಂದ ಭಾಗಿಸಿ ಶೇಷ 1 ಬಂದರೆ 2, ಶೇಷ 3 ಬಂದರೆ 8. ಅದರಲ್ಲಿ 1 ಕಳೆದರೆ 1 ಅಥವಾ 7. ಈ ದೊಡ್ಡದರ ಕೊನೆಗೆ 1, ನಮ್ಮ ಮ-127ರ ಕೊನೆಗೆ 7.

ಲ್ಯೂಕಾನ ವಿದ್ಯೆಗೆ ಒಂದು ಮಿತಿ ಇದೆ. ಒಂದುಗಳ ಸಾಲಿನಂಥ ವಿಶೇಷ ರೂಪ ಇದ್ದರೆ ಮಾತ್ರ ಅದು ನಡೆಯುತ್ತದೆ. ಯಾವುದೇ ಸಂಖ್ಯೆ ಕೊಟ್ಟರೂ, ಅಂಕಿ ಹೆಚ್ಚಿದಂತೆ ಶ್ರಮ ಹಿಡಿತ ತಪ್ಪಿ ಬೆಳೆಯದ ಹಾಗೆ, ಅದೃಷ್ಟವನ್ನೂ ನಂಬದೆ, ಸಾಧಿಸದ ಊಹೆಯನ್ನೂ ನಂಬದೆ ಅವಿಭಾಜ್ಯವೆ ಎಂದು ಹೇಳಲು ಬರುತ್ತದೆಯೆ? ಜಗತ್ತಿನ ದೊಡ್ಡ ದೊಡ್ಡ ಗಣಿತಜ್ಞರು ಹುಡುಕುತ್ತಿದ್ದ ಉತ್ತರ 2002ರ ಆಗಸ್ಟಿನಲ್ಲಿ ಕಾನ್ಪುರದ ಐ. ಐ. ಟಿ.ಯಿಂದ ಬಂತು. ಪ್ರಾಧ್ಯಾಪಕ ಮಣೀಂದ್ರ ಅಗ್ರವಾಲ್, ಜೊತೆಗೆ ಆಗಷ್ಟೇ ಬಿ. ಟೆಕ್. ಮುಗಿಸಿದ್ದ ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ. ‘ಬರುತ್ತದೆ’ ಎಂದು ಅವರು ಸಾಧಿಸಿದರು. ಮೂವರಿಗೂ 2006ರಲ್ಲಿ ಗೋಡೆಲ್ ಪ್ರಶಸ್ತಿ ಬಂತು. ರೂಢಿಯ ಲೆಕ್ಕದಲ್ಲಿ ಬೇರೆ ವಿಧಾನಗಳು ಇದಕ್ಕಿಂತ ವೇಗವಾಗಿ ಓಡುತ್ತವೆ ಅನ್ನುವುದು ನಿಜ. ಆದರೆ ದಾರಿ ಇದೆಯೊ ಇಲ್ಲವೊ ಎಂಬ ಪ್ರಶ್ನೆಗೆ ಕೊನೆಯ ಉತ್ತರ ಕೊಟ್ಟವರಲ್ಲಿ ಇಬ್ಬರು ನಮ್ಮ ನಿಮ್ಮ ವಯಸ್ಸಿನವರು.

7. ಮುಂದಿನ ಮೆಟ್ಟಿಲು

ಮ-127ರ ಅತಿ ವಿಚಿತ್ರ ಗುಣವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. 2ರಿಂದ ಶುರುಮಾಡಿ. ಮ-2 ಅಂದರೆ 3. ಮ-3 ಅಂದರೆ 7. ಮ-7 ಅಂದರೆ 127. ಇನ್ನು ಮ-127. ಬಂದ ಉತ್ತರವನ್ನೇ ಮತ್ತೆ ಘಾತವಾಗಿ ಇಡುತ್ತ ಹೋದರೆ ಪ್ರತಿ ಮೆಟ್ಟಿಲಿನಲ್ಲೂ ಅವಿಭಾಜ್ಯ! ಲ್ಯೂಕಾನ ಫಲಿತಾಂಶ ಬಂದ ಕಾಲದಲ್ಲೇ ಇದನ್ನು ಗಮನಿಸಿದವನು ಕತಲಾನ್. ಇದು ಹೀಗೇ ನಡೆಯುತ್ತದೆಯೆ?

ನಡೆಯಲೇಬೇಕು ಅನ್ನಲು ಕಾರಣವಿಲ್ಲ. ಬೇರೆ ಕಡೆ ಮುರಿದದ್ದುಂಟು. ಮ-13, ಅಂದರೆ 8,191 ಅವಿಭಾಜ್ಯ. ಆದರೆ ಮ-8191 ಅವಿಭಾಜ್ಯವಲ್ಲ ಎಂದು 1953ರಲ್ಲಿ ಯಂತ್ರ ತೋರಿಸಿತು. ನಮ್ಮ ಸರಣಿಯ ಮುಂದಿನ ಮೆಟ್ಟಿಲಿನ ಘಾತವೇ 39 ಅಂಕಿಯದ್ದು. ಆ ಸಂಖ್ಯೆಯಲ್ಲಿರುವ ಅಂಕಿಗಳ ಎಣಿಕೆಯನ್ನು ಬರೆಯಲು 38 ಅಂಕಿ ಬೇಕು. ಅದನ್ನು ಬರೆದಿಡಲು ಭೂಮಿಯ ಮೇಲಿನ ಕಾಗದವೆಲ್ಲ ಸಾಲದು, ಪರೀಕ್ಷಿಸುವುದಂತೂ ದೂರದ ಮಾತು. ಸಣ್ಣ ಸಣ್ಣ ಅಪವರ್ತನಗಳಿಗಾಗಿ ಹುಡುಕಿದ್ದಾರೆ, ಒಂದೂ ಸಿಕ್ಕಿಲ್ಲ. ಸಿಗದಿರುವುದು ಸಾಧನೆಯಲ್ಲ. ಮರ್ಸೆನ್ ಅವಿಭಾಜ್ಯಗಳು ಅನಂತವೆ ಎಂಬ ಇನ್ನೂ ಸರಳ ಪ್ರಶ್ನೆಗೇ ಉತ್ತರವಿಲ್ಲ.

ಇಲ್ಲಿ ನಮಗೆಲ್ಲ ಗಣಿತದ ಪಾಠ ಆಗುವುದು ಇಂಗ್ಲಿಷಿನಲ್ಲಿ. ಆದರೆ ಹನ್ನೆರಡನೇ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ. ವರ್ಗ, ಶೇಷ, ಸೊನ್ನೆ, ಈ ಮೂರು ಮಾತು ಗೊತ್ತಿದ್ದರೆ ಲ್ಯೂಕಾನ ವಿದ್ಯೆ ನಮ್ಮ ಕೈಯಲ್ಲೂ ನಡೆಯುತ್ತದೆ. ಬೇಕಾದರೆ ಮಾಡಿ ನೋಡಿ: ಮ-13, ಅಂದರೆ 8,191. ಪೆನ್ಸಿಲ್ ಹಿಡಿದು ಕೂತರೆ ಒಂದು ಸಂಜೆಯ ಕೆಲಸ. 4ರಿಂದ ಶುರು, ಹನ್ನೊಂದು ಸಲ. ದಾರಿ ತಪ್ಪಿಲ್ಲ ಅನ್ನಲು ಗುರುತು ಹೇಳುತ್ತೇನೆ: ಏಳನೇ ಸಲಕ್ಕೆ ಶೇಷ 36 ಬರಬೇಕು, ಹತ್ತನೇ ಸಲಕ್ಕೆ 128. ಹನ್ನೊಂದನೆಯದನ್ನು ನೀವೇ ಮಾಡಿ.